ಇಪ್ಪತ್ತು ನಿಮಿಷದ ಗಾಳಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಹೇಗೂ ಹತ್ತು ಸಾಲು ಓದಿದರೆ ನಿಮಗೇ ಗೊತ್ತಾಗುತ್ತದೆ. ಹೆಸರು ನೊರ್ಬರ್ಟ್, ಊರು ಶಿರ್ವ, ಹೊಟ್ಟೆಪಾಡು ಕತಾರಿನ ರಾಸ್ ಲಫಾನಿನಲ್ಲಿ. ಅಲ್ಲಿನ ಒಂದು ಗ್ಯಾಸ್ ಪ್ಲಾಂಟಿನಲ್ಲಿ ಒಂಬತ್ತು ವರ್ಷ ಆಪರೇಟರ್ ಆಗಿ ವಾಲ್ವ್ ತಿರುಗಿಸಿದವನು ನಾನು. ಮನೆ ಅಲ್ ಖೋರಿನಲ್ಲಿ, ಕಂಪೆನಿ ಕೊಟ್ಟದ್ದು. ಮನೆಯಲ್ಲಿ ಹೆಂಡತಿ ಕ್ಯಾರೊಲ್, ಒಂಬತ್ತನೇ ಕ್ಲಾಸಿನ ಮಗಳು ಮೆಲಿಸ್ಸಾ, ಮತ್ತು ನನ್ನ ಬಾಯಿ. ಮೂರನೆಯದ್ದು ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ ಎಂದು ಕ್ಯಾರೊಲ್ ಹೇಳುವುದುಂಟು.

ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷದ ಜನವರಿಯಲ್ಲಿ ನಾನು ಒಂದು ಪರೀಕ್ಷೆಯಲ್ಲಿ ಫೇಲಾದೆ. ನಮ್ಮ ಪ್ಲಾಂಟಿನ ಪೈಪುಗಳಲ್ಲಿ ವಿಷದ ಗ್ಯಾಸ್ ಹರಿಯುತ್ತದೆ. ಜೋರಾಗಿ ಲೀಕಾದರೆ ನಾಲ್ಕು ಉಸಿರಿನಲ್ಲಿ ಮನುಷ್ಯ ಮುಗಿದ ಹಾಗೆ. ಆದ್ದರಿಂದ ಫೀಲ್ಡಿಗೆ ಇಳಿಯುವ ಪ್ರತಿಯೊಬ್ಬನೂ ಎರಡು ವರ್ಷಕ್ಕೊಮ್ಮೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಹಣೆಯಿಂದ ಗಲ್ಲದವರೆಗೆ ಮುಚ್ಚುವ ಮಾಸ್ಕ್ ಹಾಕಿಕೊಂಡು, ಏಣಿ ಹತ್ತಿ ಇಳಿದು, ಕತ್ತಲೆ ತುಂಬಿದ ಒಂದು ಕಂಟೇನರಿನೊಳಗೆ ತೆವಳಿ ಇನ್ನೊಂದು ಬದಿಯಿಂದ ಹೊರಗೆ ಬರಬೇಕು. ಕಡಿಮೆಯೆಂದರೆ ಇಪ್ಪತ್ತು ನಿಮಿಷದ ಕೆಲಸ. ನಡುವೆ ಮಾಸ್ಕ್ ತೆಗೆಯುವ ಹಾಗಿಲ್ಲ, ಗಾಳಿಯನ್ನು ಮುಗಿಸಿಕೊಳ್ಳುವ ಹಾಗೂ ಇಲ್ಲ. ಹಿಂದೆ ನಾಲ್ಕು ಸಲ ಇದನ್ನು ಆಟದ ಹಾಗೆ ಪಾಸ್ ಮಾಡಿದವನು ನಾನು. ಈ ಸಲ ಮಾಸ್ಕಿನ ಪಟ್ಟಿ ಬಿಗಿದ ಕೂಡಲೇ ಎದೆ ಢವಢವ ಹೊಡೆದುಕೊಳ್ಳಲು ಶುರುವಾಯಿತು. ನಾಲ್ಕನೇ ನಿಮಿಷಕ್ಕೆ ಏಣಿಯ ಅರ್ಧದಲ್ಲಿ ನಿಂತು ಮಾಸ್ಕ್ ಕಿತ್ತುಹಾಕಿದೆ.

ಪರೀಕ್ಷೆ ಮಾಡುವ ಸೇಫ್ಟಿ ಇನ್‌ಸ್ಟ್ರಕ್ಟರ್ ಅಬ್ದುಲ್ ಸಲಾಂ, ಉಪ್ಪಿನಂಗಡಿಯ ಬ್ಯಾರಿ. ನಮ್ಮವನೇ ಎಂದು ಒಂದು ಮಾರ್ಕು ಹೆಚ್ಚು ಕೊಡುವ ಜಾತಿಯಲ್ಲ.

"ನೊರ್ಬರ್ಟಣ್ಣ, ಮೂರು ಚಾನ್ಸ್ ಇರುವುದು. ಒಂದು ಖಲಾಸ್," ಎಂದ.

"ಮಾಸ್ಕಿನಲ್ಲಿ ಎಂತದೋ ಪ್ರಾಬ್ಲೆಮ್ ಉಂಟು ಮಾರಾಯ. ಗಾಳಿಯೇ ಬರ್ಲಿಲ್ಲ."

"ಮಾಸ್ಕ್ ಸರಿ ಉಂಟು," ಎಂದು ಅದನ್ನು ತಾನೇ ಮುಖಕ್ಕಿಟ್ಟು ಎರಡು ಸಲ ಉಸಿರಾಡಿ ತೋರಿಸಿದ.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನನಗೆ ಅದೂ ಗೊತ್ತಿತ್ತು. ಮೂರನೇ ಸಲವೂ ಫೇಲಾದರೆ ಆಪರೇಟರ್ ಕೆಲಸ ಹೋಗುತ್ತದೆ. ನಲವತ್ತೇಳು ವಯಸ್ಸಿನ ಆಪರೇಟರಿಗೆ ಕಂಪೆನಿಯಲ್ಲಿ ಬೇರೆ ಕುರ್ಚಿ ಇರುವುದಿಲ್ಲ, ಊರಿನ ಟಿಕೇಟು ಇರುತ್ತದೆ. ಮುಂದಿನ ವರ್ಷ ಮೆಲಿಸ್ಸಾಳ ಹತ್ತನೇ ಕ್ಲಾಸು. ನನಗೆ ನಿಜವಾಗಿಯೂ ಹೆದರಿಕೆಯಾಯಿತು, ಹೆದರಿಕೆಯಾದಾಗ ಮಾಡುವಂತೆ ಮನೆಗೆ ಹೋಗಿ ಎಲ್ಲರ ಮೇಲೂ ಬೊಬ್ಬೆ ಹಾಕಿದೆ.

ಪಾಸಾಗುವವರೆಗೆ ಫೀಲ್ಡ್ ಬಂದ್. ನನ್ನನ್ನು ಪರ್ಮಿಟ್ ಆಫೀಸಿನಲ್ಲಿ ಕಾಗದಗಳಿಗೆ ಪಿನ್ ಹೊಡೆಯಲು ಕೂರಿಸಿದರು. ಶಿಫ್ಟಿನವರ ಬಸ್ಸು ಬಿಟ್ಟು ಆಫೀಸಿನವರ ಬಸ್ಸು ಹತ್ತಬೇಕಾಯಿತು. ಅಲ್ಲಿ ನನ್ನ ಪಕ್ಕದ ಸೀಟು ದೊರೆಸ್ವಾಮಿಯವರದು. ಮೈಸೂರಿನವರು, ಪ್ಲಾನಿಂಗ್ ಇಂಜಿನಿಯರ್, ನಮ್ಮ ಮನೆಯಿಂದ ನಾಲ್ಕನೇ ಮನೆ. ಬಹಳ ಒಳ್ಳೆಯ ಮನುಷ್ಯ, ಒಂದೇ ತೊಂದರೆ ಎಂದರೆ ಎಲ್ಲದಕ್ಕೂ ಚಾರ್ಟ್ ಮಾಡುತ್ತಾರೆ. ಅವರ ಮನೆಯ ಫ್ರಿಜ್ ಮೇಲೆ ದೋಸೆ ಹಿಟ್ಟು ರುಬ್ಬುವುದಕ್ಕೂ ಒಂದು ಚಾರ್ಟ್ ಇದೆ.

ನನ್ನ ಕಥೆ ಕೇಳಿ ಅವರು, "ಅದಕ್ಕೇನಂತೆ ಸಾರ್, ಪ್ರಾಣಾಯಾಮ ಮಾಡಿ. ನಮ್ಮನೆಯವಳು ಹೇಳ್ಕೊಡ್ತಾಳೆ. ದಿನಾ ಬೆಳಗ್ಗೆ ಹತ್ತಕ್ಕೆ ನಮ್ಮ ಹಾಲ್‌ನಲ್ಲಿ ಹನ್ನೆರಡು ಜನ ಲೇಡೀಸ್ ಬರ್ತಾರೆ," ಎಂದರು.

"ಹನ್ನೆರಡು ಲೇಡೀಸ್ ನಡುವೆ ನಾನು ಕಾಲು ಮೇಲೆ ಮಾಡಿ ನಿಲ್ಲುವುದಾ?"

"ಹಾಗಾದ್ರೆ ಬೇಡ ಬಿಡಿ. ನಾನು ಅವಳ ಹತ್ರ ಕೇಳ್ಕೊಂಡು ಬಂದು ಬಸ್ಸಲ್ಲೇ ಹೇಳ್ಕೊಡ್ತೀನಿ."

ಹೀಗೆ ನನ್ನ ಪಾರ್ಸೆಲ್ ಯೋಗ ಶುರುವಾಯಿತು. ಮರುದಿನವೇ ದೊರೆಸ್ವಾಮಿ ಚಾರ್ಟ್ ತಂದರು. ನಾಲ್ಕು ಸೆಕೆಂಡು ಉಸಿರು ತೆಗೆದುಕೊಳ್ಳುವುದು, ಹನ್ನೆರಡು ಸೆಕೆಂಡು ಒಳಗೇ ಹಿಡಿದಿಡುವುದು, ನಾಲ್ಕು ಸೆಕೆಂಡು ಬಿಡುವುದು. ಹಿಡಿಯುವುದನ್ನು ಎರಡು ವಾರಕ್ಕೊಮ್ಮೆ ಮೂರು ಸೆಕೆಂಡು ಹೆಚ್ಚಿಸಬೇಕು.

"ನೋಡಿ ಸಾರ್, ನಿಮಿಷಕ್ಕೆ ಇಪ್ಪತ್ತು ಸಲ ಉಸಿರಾಡೋರು ಮೂರೇ ಸಲ ಆಡಿದ್ರೆ ಸಿಲಿಂಡರ್‌ನಲ್ಲಿ ಗಾಳಿ ಎಷ್ಟು ಉಳೀತು ನೀವೇ ಹೇಳಿ," ಎಂದರು.

ಗಲ್ಫಿಗೆ ಬಂದವನಿಗೆ ಉಳಿತಾಯ ಎಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಊರಿಗೆ ಫೋನ್ ಮಾಡುವಾಗ ಮಾತು ಉಳಿಸಿದವರು, ರಜೆ ಉಳಿಸಿದವರು, ಕ್ಯಾಂಟೀನಿನ ಸಕ್ಕರೆ ಪೊಟ್ಟಣ ಉಳಿಸಿದವರು ನಾವು. ಉಸಿರನ್ನು ಉಳಿಸುವುದು ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಎಂದು ನನಗೆ ಆಶ್ಚರ್ಯವಾಯಿತು. ಅಲ್ ಖೋರಿನಿಂದ ರಾಸ್ ಲಫಾನಿನವರೆಗೆ ದಿನವೂ ಕೆನ್ನೆ ಉಬ್ಬಿಸಿ ಕೂತೆ. ಪಕ್ಕದಲ್ಲಿ ದೊರೆಸ್ವಾಮಿ ವಾಚ್ ಹಿಡಿದು ಕೂತರು. ಮೂರನೇ ವಾರ ಬಸ್ಸಿನ ಡ್ರೈವರ್ ಹಸೈನಾರ್, ಕಾಸರಗೋಡಿನವನು, ಕನ್ನಡಿಯಲ್ಲಿ ನನ್ನ ಮುಖ ನೋಡಿ ಬಸ್ಸನ್ನೇ ನಿಲ್ಲಿಸಿದ.

"ಸಾರಿನ ಮುಖ ಕೆಂಪಾಗಿದೆ. ಆಸ್ಪತ್ರೆಗೆ ತಿರುಗಿಸ್ಬೇಕಾ?"

"ಯಲ್ಲಾ, ನೀನು ಹೋಗು. ಇದು ಯೋಗ," ಎಂದೆ, ಬಿಟ್ಟ ಉಸಿರಿನಲ್ಲಿ ಹೇಳಲಾದಷ್ಟು.

ಮಾರ್ಚ್ ತಿಂಗಳಲ್ಲಿ ಎರಡನೇ ಪರೀಕ್ಷೆ. ಅಷ್ಟರಲ್ಲಿ ನಾನು ಇಪ್ಪತ್ತೊಂದು ಸೆಕೆಂಡು ಹಿಡಿಯುವಷ್ಟು ಪಂಡಿತನಾಗಿದ್ದೆ. ಮಾಸ್ಕ್ ಹಾಕಿದ ಕೂಡಲೇ ಎದೆ ಮತ್ತೆ ಹೊಡೆದುಕೊಂಡಿತು, ಆದರೂ ಹಲ್ಲು ಕಚ್ಚಿ ಉಸಿರು ಹಿಡಿದೆ. ಏಣಿ ದಾಟಿದೆ. ಕಂಟೇನರಿನ ಬಾಗಿಲೂ ದಾಟಿದೆ. ಹಿಡಿದು ಹಿಡಿದು ಏಳು ನಿಮಿಷ ಕಳೆಯುವಷ್ಟರಲ್ಲಿ ತಲೆ ಸಿಡಿಯತೊಡಗಿತು, ಆಮೇಲೆ ನನ್ನ ಮಾತು ಕೇಳದೆ ಎದೆ ತಾನೇ ತಿದಿಯ ಹಾಗೆ ಎಳೆಯಲು ಶುರು ಮಾಡಿತು. ಹನ್ನೊಂದನೇ ನಿಮಿಷಕ್ಕೆ ಕತ್ತಲೆಯಲ್ಲಿ ಮಾಸ್ಕ್ ಕಿತ್ತೆ. ಅಬ್ದುಲ್ ಸಲಾಂ ಬಂದು ಕಾಲು ಹಿಡಿದು ನನ್ನನ್ನು ಹೊರಗೆಳೆದ.

"ಉಸಿರು ಕಟ್ಟಿದ್ರಿ ಅಲ್ವಾ? ಕಟ್ಟಿದ ಉಸಿರು ಆಮೇಲೆ ಬಡ್ಡಿ ಸೇರಿಸಿ ವಸೂಲು ಮಾಡ್ತದೆ ಅಣ್ಣ. ಯಾರು ಕಲಿಸಿದ್ದು ಇದನ್ನು?"

"ಮೈಸೂರಿನವರು."

"ಅವರಿಗೆ ನನ್ನ ಸಲಾಂ ಹೇಳಿ," ಎಂದು ಫಾರ್ಮಿನಲ್ಲಿ ಬರೆದ. "ಮೇ ತಿಂಗಳಲ್ಲಿ ಲಾಸ್ಟ್. ಮತ್ತೆ ನನ್ನ ಕೈಯಲ್ಲಿ ಎಂತದೂ ಇಲ್ಲ."

ಆ ಸಂಜೆಯ ಬಸ್ಸಿನಲ್ಲಿ ನಾನು ದೊರೆಸ್ವಾಮಿಯವರಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಕೊಂಕಣಿಯಲ್ಲಿ ಶುರು ಮಾಡಿ ತುಳುವಿನಲ್ಲಿ ಮುಗಿಸಿದೆ, ಅವರಿಗೆ ಎರಡೂ ಬಾರದಿದ್ದರೂ ಅರ್ಥವಾಯಿತು. ಚಾರ್ಟನ್ನು ನಾಲ್ಕು ತುಂಡು ಮಾಡಿ ಅವರ ತೊಡೆಯ ಮೇಲಿಟ್ಟೆ. ಪಾಪ, ಅವರು ತುಂಡುಗಳನ್ನು ಸರಿಯಾಗಿ ಜೋಡಿಸಿ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದು ಅರ್ಧ ಗಂಟೆಯಾಗಿರಲಿಲ್ಲ, ಬೆಲ್ ಹೊಡೆಯಿತು. ಬಾಗಿಲಲ್ಲಿ ಹೇಮಲತಾ, ದೊರೆಸ್ವಾಮಿಯವರ ಹೆಂಡತಿ. ಹಿಂದೆ ಚಾಪೆ ಕಂಕುಳಲ್ಲಿ ಹಿಡಿದು ತಲೆ ತಗ್ಗಿಸಿ ನಿಂತ ದೊರೆಸ್ವಾಮಿ.

"ನೊರ್ಬರ್ಟ್ ಅವರೇ, ಉಸಿರು ಹಿಡೀರಿ ಅಂತ ನಾನು ಹೇಳೇ ಇಲ್ಲ. ನಾಲ್ಕು ಎಣಿಸೋವರೆಗೆ ತಗೊಳ್ಳಿ, ಎಂಟು ಎಣಿಸೋವರೆಗೆ ಬಿಡಿ ಅಂತ ಹೇಳಿ ಕಳಿಸಿದ್ದು. ನಡುವೆ ಹಿಡಿಯೋದನ್ನ ಸೇರಿಸಿದ್ದು ಇವರು," ಎಂದರು.

"ಒಂದು ಸಣ್ಣ ಇಂಪ್ರೂವ್‌ಮೆಂಟ್ ಅಂತ..." ಎಂದರು ದೊರೆಸ್ವಾಮಿ.

"ಸಾರಿಗೂ ಹೀಗೇ ಇಂಪ್ರೂವ್‌ಮೆಂಟ್ ಮಾಡ್ತಾರೆ. ಮನೆಯಲ್ಲಿ ಯಾರೂ ತಿನ್ನಲ್ಲ."

ಕ್ಯಾರೊಲ್ ನಕ್ಕಳು. ಆ ದಿನ ನಮ್ಮ ಮನೆಯಲ್ಲಿ ಮೊದಲು ನಕ್ಕವಳು ಅವಳೇ. ನಾಳೆಯಿಂದ ಸಂಜೆ ಆರೂವರೆಗೆ ನಮ್ಮ ಹಾಲ್‌ನಲ್ಲೇ ಕ್ಲಾಸು, ಪಾರ್ಸೆಲ್ ಬಂದ್, ಎಂದು ಇಬ್ಬರು ಹೆಂಗಸರು ಸೇರಿ ತೀರ್ಮಾನ ಮಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ಹೇಮಲತಾ ಮೊದಲ ದಿನ ನನಗೆ ಏನೂ ಕಲಿಸಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಮೆಲಿಸ್ಸಾಳ ಜಿಯಾಗ್ರಫಿ ಪುಸ್ತಕ ಇಟ್ಟರು. ಉಸಿರು ತೆಗೆದುಕೊಂಡಾಗ ಪುಸ್ತಕ ಮೇಲೇಳಬೇಕಂತೆ. ನನ್ನ ಪುಸ್ತಕ ಅಲುಗಲೇ ಇಲ್ಲ. ನಲವತ್ತೇಳು ವರ್ಷ ನಾನು ಎದೆಯ ಮೇಲ್ಭಾಗದಲ್ಲಿ ಮಾತ್ರ ಉಸಿರಾಡುತ್ತಿದ್ದೆ, ಕೆಳಗಿನ ಮನೆಗೆ ಬೀಗ ಹಾಕಿಟ್ಟವನ ಹಾಗೆ.

"ಯೋಗ ಅಂದ್ರೆ ಕೈಕಾಲು ಗಂಟು ಹಾಕ್ಕೊಳ್ಳೋದು ಅಂದ್ಕೊಂಡಿದ್ದೀರಿ," ಎಂದರು ಹೇಮಲತಾ. "ಬೆನ್ನು ಸೊಂಟ ಸಡಿಲ ಆಗೋದು ಒಳ್ಳೇದೇ, ಅದೂ ಮಾಡಣ. ಆದ್ರೆ ಅದೆಲ್ಲ ಯಾಕೆ ಅಂದ್ರೆ, ಸುಮ್ಮನೆ ಕೂರೋಕೆ ಆಗಲಿ ಅಂತ. ಉಸಿರು ಎಳ್ಕೊಳ್ಳೋದನ್ನ ಯಾರೂ ಕಲಿಸಬೇಕಾಗಿಲ್ಲ, ಹೆದರಿದಾಗ ತಾನಾಗೇ ಎಳ್ಕೋತೀವಿ. ನಿಧಾನವಾಗಿ ಬಿಡೋದನ್ನ ಕಲೀಬೇಕು. ಬಿಟ್ರೆ ತಾನೇ ಹೊಸದು ಬರೋಕೆ ಜಾಗ."

ಎಂಟು ಎಣಿಸುವುದು ನನಗೆ ಆಗಲಿಲ್ಲ. ಎಣಿಸುವಾಗ ದೊರೆಸ್ವಾಮಿಯವರ ವಾಚ್ ನೆನಪಾಗಿ ಸಿಟ್ಟು ಬರುತ್ತಿತ್ತು. ಹೇಮಲತಾ, ಎಣಿಸಬೇಡಿ, ನಾವು ಓಂ ಅಂತೀವಿ, ನೀವು ನಿಮಗೆ ಅಭ್ಯಾಸ ಇರೋ ಯಾವುದಾದ್ರೂ ಮಾತು ಇಟ್ಕೊಳ್ಳಿ ಎಂದರು. ಪಕ್ಕದ ಚಾಪೆಯಲ್ಲಿ ಮಲಗಿದ್ದ ಕ್ಯಾರೊಲ್ ಕಣ್ಣು ಮುಚ್ಚಿಕೊಂಡೇ ನಮ್ಮ ಕೊಂಕಣಿ ಜಪದ ಪ್ರಯೋಗ ಮಾಡಿ, "ನಮಾನ್ ಮರಿಯೆ ಅರ್ಧದವರೆಗೆ ಸರಿಯಾಗಿ ಒಂದು ಉಸಿರಿಗೆ ಬರ್ತದೆ," ಎಂದಳು. ಕ್ರಿಶ್ಚಿಯನ್ನರಾದ ನಾವು ಯೋಗದಿಂದ ಎಲ್ಲಿಗೆ ಹೋಗಿ ಮುಟ್ಟುತ್ತೇವೋ ಎಂದು ಮೊದಲು ಹೆದರಿದವಳು ಅವಳೇ. ಈಗ ಮೇರಿಮಾತೆಯನ್ನೇ ಚಾಪೆಗೆ ಕರೆದುಕೊಂಡು ಬಂದಿದ್ದಳು. ಅಲ್ಲಿಂದ ನನಗೂ ಸುಲಭವಾಯಿತು.

ಏಪ್ರಿಲ್ ಮುಗಿಯುವಷ್ಟರಲ್ಲಿ ನನ್ನಲ್ಲಿ ಆದ ಬದಲಾವಣೆಯನ್ನು ಒಪ್ಪಿಕೊಳ್ಳಲು ನನಗೇ ನಾಚಿಕೆಯಾಗುತ್ತಿತ್ತು. ಜಿಯಾಗ್ರಫಿ ಪುಸ್ತಕ ಏರಿ ಇಳಿಯುತ್ತಿತ್ತು. ಬಗ್ಗಿ ಶೂ ಲೇಸ್ ಕಟ್ಟಲು ಮೆಟ್ಟಿಲು ಹುಡುಕಬೇಕಾಗಿರಲಿಲ್ಲ. ಬೆನ್ನಿನ ಹಳೇ ನೋವು ಎಲ್ಲಿಗೋ ಹೋಗಿತ್ತು, ಹೇಳದೆ ಕೇಳದೆ. ರಾತ್ರಿ ದಿಂಬಿಗೆ ತಲೆ ಇಟ್ಟರೆ ಬೆಳಗ್ಗೆಯೇ ಎಚ್ಚರ. ಒಂದು ದಿನ ಮೆಲಿಸ್ಸಾ ಮ್ಯಾಥ್ಸ್ ಮಾರ್ಕ್ಸ್ ಕಾರ್ಡ್ ತಂದು ನನ್ನ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಸೈನ್ ಮಾಡಿ ಕೊಟ್ಟೆ.

"ಪಪ್ಪ, ಶೌಟ್ ಮಾಡೋದಿಲ್ವಾ?" ಎಂದು ಕೇಳಿದಳು, ಸ್ವಲ್ಪ ಗಾಬರಿಯಲ್ಲೇ.

ದೊರೆಸ್ವಾಮಿಯವರ ಜೊತೆಗೂ ರಾಜಿಯಾಗಿತ್ತು. ಅವರು ಹಿಂದಿನ ಚಾಪೆಯಲ್ಲಿ ಕೂತು ನಮ್ಮ ಜೊತೆ ಬಾಗುತ್ತಿದ್ದರು. ಹತ್ತು ವರ್ಷದಿಂದ ಯೋಗದ ಟೀಚರಿನ ಗಂಡನಾಗಿದ್ದರೂ ಅವರ ಬೆರಳು ಮೊಣಕಾಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ ಎಂಬುದು ಆಗ ಬಯಲಾಯಿತು.

ಪರೀಕ್ಷೆಗೆ ಒಂದು ವಾರ ಇರುವಾಗ ಹೇಮಲತಾ, ಮಾಸ್ಕ್ ಹಾಕಿಕೊಂಡೂ ಒಮ್ಮೆ ಮಾಡಿ ನೋಡಣ ಎಂದರು. ಕಂಪೆನಿಯ ಮಾಸ್ಕ್ ಮನೆಗೆ ತರುವ ಹಾಗಿಲ್ಲ. ಮೆಲಿಸ್ಸಾ ಸಮುದ್ರಕ್ಕೆ ಹೋಗುವಾಗ ಹಾಕಿಕೊಳ್ಳುವ, ಕಣ್ಣು ಮೂಗು ಮುಚ್ಚುವ ಕನ್ನಡಕ ತಂದು ಕೊಟ್ಟಳು. ಕ್ಯಾರೊಲ್ ಹಿಂದಿನಿಂದ ಪಟ್ಟಿ ಎಳೆದು ಬಿಗಿದಳು. ಆರು ವಾರದ ಯೋಗವೆಲ್ಲ ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ನಾನು ಅದನ್ನು ಕಿತ್ತು ಸೋಫಾದ ಕಡೆ ಎಸೆದು ಗೋಡೆ ಹಿಡಿದು ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಹೇಮಲತಾ ಕೇಳಿದರು, "ಪಟ್ಟಿ ಬಿಗಿದಾಗ ಏನು ಕಾಣತ್ತೆ ನಿಮಗೆ?"

ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆರು ವಾರದಿಂದ ಅಭ್ಯಾಸವಾಗಿದ್ದ ಉದ್ದದ ಉಸಿರು ಒಂದು ಬಂತು, ಅದರ ಜೊತೆ ಮಾತೂ ಹೊರಗೆ ಬಂತು.

"ಅಪ್ಪ," ಎಂದೆ.

ಒಂದೂವರೆ ವರ್ಷದ ಹಿಂದೆ ಅಪ್ಪನಿಗೆ ಕಾಯಿಲೆ ಜೋರಾದಾಗ ನಾನು ಒಬ್ಬನೇ ಊರಿಗೆ ಹಾರಿದ್ದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಅವರ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿದ್ದರು. ನನ್ನನ್ನು ನೋಡಿ ಅವರು ಅದನ್ನು ಸರಿಸಿ ಏನೋ ಹೇಳಲು ಹೊರಟರು. ನಾನು ಮಾಸ್ಕನ್ನು ವಾಪಸ್ ಒತ್ತಿ, ಮಾತಾಡಬೇಡಿ ಅಪ್ಪ, ಉಸಿರಾಡಿ, ಎಂದೆ. ಮತ್ತೆ ಸರಿಸಿದರು. ಮತ್ತೆ ಒತ್ತಿದೆ, ಈ ಸಲ ಸ್ವಲ್ಪ ಗದರಿಸಿಯೇ. ಮೂರನೇ ಸಲ ಅವರು ಸರಿಸಲಿಲ್ಲ. ಬೆಳಗ್ಗೆ ಹೋಗಿಬಿಟ್ಟರು. ಏನು ಹೇಳಬೇಕೆಂದಿದ್ದರೋ ನನಗೆ ಗೊತ್ತಿಲ್ಲ. ರಜೆ ಇದ್ದದ್ದು ಏಳು ದಿನ. ಇಗರ್ಜಿಯ ಪಾದ್ರಿ, ಶವಪೆಟ್ಟಿಗೆ, ಬಂದವರಿಗೆ ಊಟ ಎಂದು ಓಡಾಡುವುದರಲ್ಲೇ ಅದು ಮುಗಿಯಿತು. ಅಳಲು ಪುರುಸೊತ್ತಾಗಲಿಲ್ಲ, ಆಮೇಲೆ ಅಳು ಬರಲಿಲ್ಲ. ಮಾಸ್ಕ್ ಒತ್ತಿದ ವಿಷಯವನ್ನು ಕ್ಯಾರೊಲ್‌ಗೂ ನಾನು ಹೇಳಿರಲಿಲ್ಲ, ಆ ದಿನ ಗೋಡೆ ಹಿಡಿದುಕೊಂಡೇ ಎಲ್ಲ ಹೇಳಿದೆ.

ಕ್ಯಾರೊಲ್ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಹೇಮಲತಾ ನಾನು ಎಸೆದ ಕನ್ನಡಕವನ್ನು ಎತ್ತಿ ಪಕ್ಕಕ್ಕಿಟ್ಟರು.

"ಇದಕ್ಕೆ ಯೋಗದಲ್ಲಿ ಔಷಧಿ ಇದೆ ಅಂತ ನಾನು ಸುಳ್ಳು ಹೇಳಲ್ಲ," ಎಂದರು. "ಒಂದೇ ಹೇಳ್ತೀನಿ. ಅವರು ಬಂದ್ರೆ ನೀವು ಓಡಬೇಡಿ. ಬರಲಿ. ನೀವು ಉಸಿರು ಬಿಡ್ತಾ ಇರಿ, ಅಷ್ಟೇ."

ನಾನು ದೊರೆಸ್ವಾಮಿಯವರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸಲ ಯಾವ ಇಂಪ್ರೂವ್‌ಮೆಂಟೂ ಹೇಳಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಎಂಟಕ್ಕೆ ಮೂರನೇ ಪರೀಕ್ಷೆ. ಆ ಹೊತ್ತಿಗೇ ಕಬ್ಬಿಣ ಮುಟ್ಟಿದರೆ ಕೈ ಸುಡುವಷ್ಟು ಬಿಸಿಲು. ಅಬ್ದುಲ್ ಸಲಾಂ ಸಿಲಿಂಡರ್ ಕಟ್ಟಿ, ಮಾಸ್ಕಿನ ಪಟ್ಟಿ ಎಳೆದು, "ಬಿಸ್ಮಿಲ್ಲಾ, ಹೊರಡಿ," ಎಂದ. ಎದೆ ಹೊಡೆದುಕೊಂಡಿತು, ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಏಣಿಯ ಒಂದೊಂದು ಮೆಟ್ಟಿಲಿಗೆ ಒಂದೊಂದು ಉಸಿರು ಬಿಟ್ಟೆ. ನಮಾನ್ ಮರಿಯೆ, ಒಂದು ಮೆಟ್ಟಿಲು. ನಮಾನ್ ಮರಿಯೆ, ಇನ್ನೊಂದು. ಇಳಿದು ಕಂಟೇನರಿನೊಳಗೆ ತೂರಿದೆ. ಒಳಗೆ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಅರ್ಧ ದಾರಿಯಲ್ಲಿ ಒಂದು ತಿರುವು, ಅಲ್ಲಿ ಬೆನ್ನಿನ ಸಿಲಿಂಡರ್ ಮೇಲಿನ ಪೈಪಿಗೆ ಸಿಕ್ಕಿಕೊಂಡಿತು. ಹಿಂದೆ ಮುಂದೆ ಹೋಗಲಾಗದೆ ಹೊಟ್ಟೆಯ ಮೇಲೆ ಬಿದ್ದುಕೊಂಡೆ.

ಅಪ್ಪ ಬಂದದ್ದು ಅಲ್ಲಿಗೆ. ಅದೇ ಮುಖ, ಮಾಸ್ಕಿನ ಮೇಲಿನಿಂದ ನನ್ನನ್ನೇ ನೋಡುವ ಅದೇ ಕಣ್ಣು. ನನ್ನ ಕೈ ತಾನಾಗಿ ನನ್ನ ಮಾಸ್ಕಿನ ಪಟ್ಟಿಗೆ ಹೋಯಿತು. ಪಟ್ಟಿಯ ಮೇಲೆ ಕೈ ಇಟ್ಟುಕೊಂಡೇ ಒಂದು ಉಸಿರು ಬಿಟ್ಟೆ, ನಿಧಾನವಾಗಿ, ಎಂಟಲ್ಲ, ಹತ್ತು ಹನ್ನೆರಡು ಎಣಿಸುವಷ್ಟು. ಮಾತಾಡಿ ಅಪ್ಪ, ಎಂದೆ ಮನಸ್ಸಿನಲ್ಲಿ, ನಾನು ಅಡ್ಡ ಬರುವುದಿಲ್ಲ. ಅವರು ಏನೂ ಹೇಳಲಿಲ್ಲ. ಹೇಳುವ ಅವಸರವೂ ಅವರಿಗೆ ಇದ್ದಂತೆ ಕಾಣಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಇದ್ದೆವು. ಉಸಿರು ಪೂರ್ತಿ ಬಿಟ್ಟಾಗ ಎದೆ ತಗ್ಗಿ ಬೆನ್ನು ಒಂದಿಷ್ಟು ಕೆಳಗಿಳಿಯಿತು, ಸಿಲಿಂಡರ್ ಪೈಪಿನಿಂದ ಬಿಟ್ಟುಕೊಂಡಿತು. ನಾನು ತೆವಳುತ್ತ ಮುಂದೆ ಹೋದೆ.

ಹೊರಗೆ ಬೆಳಕಿಗೆ ಬಂದಾಗ ಇಪ್ಪತ್ತೊಂದು ನಿಮಿಷವಾಗಿತ್ತು. ಅಬ್ದುಲ್ ಸಲಾಂ ಮೀಟರ್ ನೋಡಿ, ನಂಬದೆ ಅದನ್ನು ಬೆರಳಿನಿಂದ ತಟ್ಟಿ ಮತ್ತೆ ನೋಡಿದ. ಸಿಲಿಂಡರಿನಲ್ಲಿ ಮೂರನೇ ಒಂದು ಪಾಲು ಗಾಳಿ ಉಳಿದಿತ್ತು.

"ಪಾಸ್ ಅಣ್ಣ. ಮಾಸ್ಕ್ ತೆಗೀರಿ."

ನಾನು ತೆಗೆಯಲಿಲ್ಲ. ಕಂಟೇನರಿನ ನೆರಳಿನಲ್ಲಿ ನೆಲಕ್ಕೆ ಕೂತೆ. ಒಂದೂವರೆ ವರ್ಷ ಬಾರದ ಅಳು ಆಗ ಬಂತು, ಒಂದೇ ಸಮ. ಮಾಸ್ಕಿನೊಳಗೆ ಅಳುವುದು ಸುಲಭವಲ್ಲ, ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ, ಮೂಗು ಸೀಟುವ ಹಾಗಿಲ್ಲ, ಗಾಜೆಲ್ಲ ಮಂಜಾಗುತ್ತದೆ. ನನಗೆ ಉಸಿರು ಕಟ್ಟಿತೆಂದುಕೊಂಡು ಅಬ್ದುಲ್ ಸಲಾಂ ಓಡಿ ಬಂದು ಪಟ್ಟಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದು ಬೇಡ ಎಂದು ತಲೆಯಾಡಿಸಿದೆ. ಅವನು ಗಾಜಿನೊಳಗೆ ಇಣುಕಿ ನೋಡಿ ನನ್ನ ಪಕ್ಕ ಕೂತ. ಉಳಿದಿದ್ದ ಗಾಳಿಯಲ್ಲಿ ಒಂದಷ್ಟನ್ನು ನಾನು ಅಲ್ಲಿ ಕೂತು ಅಪ್ಪನಿಗಾಗಿ ಖರ್ಚು ಮಾಡಿದೆ.

ಮಾಸ್ಕ್ ತೆಗೆದ ಮೇಲೆ ಅವನು ನೀರಿನ ಬಾಟಲಿ ಕೊಟ್ಟು ಹೇಳಿದ, "ಎಂಟು ವರ್ಷದಿಂದ ಈ ಟೆಸ್ಟ್ ಮಾಡ್ತಾ ಇದ್ದೇನೆ. ಮಾಸ್ಕ್ ತೆಗೀಬೇಕು ಅಂತ ಅತ್ತವರನ್ನು ನೋಡಿದ್ದೇನೆ. ತೆಗೀಲಿಕ್ಕಿಲ್ಲ ಅಂತ ಅತ್ತವರು ನೀವೇ ಫಸ್ಟ್."

ನಾನು ಕ್ಯಾರೊಲ್‌ಗೆ ಫೋನ್ ಮಾಡಿದೆ. ಅವಳು ಅರ್ಧ ರಿಂಗಿಗೇ ಎತ್ತಿದಳು.

"ಪಾಸಾ?"

"ಪಾಸ್."

"ಮತ್ತೆ ಯಾಕೆ ನಿನ್ನ ಸ್ವರ ಹೀಗೆ?"

"ಅಪ್ಪನಿಗಾಗಿ ಅತ್ತೆ," ಎಂದೆ.

ಅವಳು ಉದ್ದವಾಗಿ ಉಸಿರು ಬಿಟ್ಟದ್ದು ನನಗೆ ಫೋನಿನಲ್ಲಿ ಕೇಳಿಸಿತು.